ಸೋಮವಾರದ ಮಾತ್ರೆ, ಓಬವ್ವನ ಕಿಂಡಿ: ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಚಿತ್ರದುರ್ಗ.

ಮಾನ್ಯರೇ,

ನಾನು ಚಿತ್ರದುರ್ಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಸೋಮವಾರ ಬಂತೆಂದರೆ ನನಗೆ ಇನ್ನೊಂದು ಕೆಲಸ: ಕಬ್ಬಿಣಾಂಶದ ನೀಲಿ ಮಾತ್ರೆ ಹಂಚುವುದು, ಯಾರ್‍ಯಾರು ನುಂಗಿದರು ಎಂದು ರಿಜಿಸ್ಟರಿನಲ್ಲಿ ಬರೆಯುವುದು, ಕೆಳಗೆ ಸಹಿ ಹಾಕುವುದು. ಆರು ವರ್ಷದಿಂದ ಈ ರಿಜಿಸ್ಟರನ್ನು ಅಚ್ಚುಕಟ್ಟಾಗಿ ಇಟ್ಟಿದ್ದೇನೆ. ಆದರೆ ಅದರಲ್ಲಿರುವುದು ಗಂಟಲಿನವರೆಗಿನ ಲೆಕ್ಕ. ಗಂಟಲು ದಾಟಿದ ಕಬ್ಬಿಣ ರಕ್ತಕ್ಕೆ ಸೇರಿತೋ, ಮಾರನೆಯ ದಿನ ಬಯಲಿಗೆ ಹೋಯಿತೋ ಎಂದು ಬರೆಯುವ ಕಾಲಮ್ಮು ಅದರಲ್ಲಿಲ್ಲ.

ದೂರು ಹೇಳುವ ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಮೊದಲ ಮೂರು ವರ್ಷ ನಾನು ಮಾತ್ರೆ ಕೊಟ್ಟಿದ್ದು ಬೆಳಗ್ಗೆ, ಕ್ಷೀರಭಾಗ್ಯದ ಹಾಲಿನ ಜೊತೆ. ಪ್ರಾರ್ಥನೆ ಮುಗಿದಿರುತ್ತದೆ, ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತಿರುತ್ತಾರೆ, ಬಾಯಿಗೆ ಹಾಕಿಕೊಂಡರೆ ನುಂಗಲು ಕೈಯಲ್ಲೇ ಹಾಲು. ಇದಕ್ಕಿಂತ ಅನುಕೂಲ ಯಾವುದು? ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಕೊಡಬೇಕು ಅಂತ ಯಾವುದೋ ತರಬೇತಿಯಲ್ಲಿ ಕೇಳಿದ ನೆನಪಿತ್ತು. ಯಾಕೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕಾರಣ ಗೊತ್ತಿಲ್ಲದ ಸೂಚನೆಯನ್ನು ಅನುಕೂಲ ನೋಡಿ ಮುರಿಯುವುದು ನಮ್ಮೆಲ್ಲರ ಅಭ್ಯಾಸ. ಹಾಲಿನ ಸುಣ್ಣದಂಶ ಅದೇ ಹೊತ್ತಿನ ಕಬ್ಬಿಣವನ್ನು ಕರುಳಿನಲ್ಲಿ ಅಡ್ಡಗಟ್ಟುತ್ತದೆ ಎಂದು ತಿಳಿದಾಗ ಮೂರು ಬ್ಯಾಚಿನ ಹುಡುಗಿಯರು ಪಾಸಾಗಿ ಹೋಗಿದ್ದರು.

ಇನ್ನೊಂದು ತಪ್ಪು. ಒಮ್ಮೆ ದಸರಾ ರಜೆಯಲ್ಲಿ ಎರಡು ಸೋಮವಾರ ತಪ್ಪಿಹೋದವು. ರಜೆ ಮುಗಿದ ಮೇಲೆ ಬಾಕಿ ತೀರಿಸುವವಳ ಹಾಗೆ ಒಟ್ಟಿಗೇ ಎರಡೆರಡು ಕೊಟ್ಟೆ. ಇಬ್ಬರು ವಾಂತಿ ಮಾಡಿಕೊಂಡರು. ಉಳಿದವರಲ್ಲಿ ಒಬ್ಬಳು ಮಾರನೆಯ ದಿನ ಅಳುತ್ತಾ ಬಂದಳು: "ಮೇಡಂ, ಕರ್ರಗೆ ಹೋಗೈತೆ. ನಮ್ಮಜ್ಜಿ, ಇನ್ಮೇಲೆ ಆ ಗುಳಿಗೆ ಮುಟ್ಟಬ್ಯಾಡ ಅಂತ ಬೈದ್ರು." ಮಲ ಕಪ್ಪಾಗುವುದು ಒಳಗೆ ಸೇರದೆ ಉಳಿದ ಕಬ್ಬಿಣದಿಂದ, ಭಯಪಡಬೇಕಾಗಿಲ್ಲ ಎಂದು ಸಮಾಧಾನ ಹೇಳಿ ಕಳಿಸಿದೆ. ಕಳಿಸಿದ ಮೇಲೆ ನನಗೇ ಹೊಳೆಯಿತು: ಹಾಗಾದರೆ ಒಳಗೆ ಸೇರುವುದು ಎಷ್ಟು? ಯಾರು ತೀರ್ಮಾನ ಮಾಡುತ್ತಾರೆ?

ಅಂದಿನಿಂದ ಓದಿದ್ದನ್ನು ಪಾಠದಲ್ಲಿ ಸೇರಿಸಿಕೊಂಡಿದ್ದೇನೆ. ನಮ್ಮ ಲ್ಯಾಬಿನ ತಕ್ಕಡಿಯಲ್ಲಿ ಎರಡಿಂಚಿನ ಒಂದು ಮೊಳೆ ಇಡುತ್ತೇನೆ. ಮೂರು ಗ್ರಾಮಿನ ಆಸುಪಾಸು ತೂಗುತ್ತದೆ. ಬೆಳೆದ ಹೆಣ್ಣುಮಗಳ ಇಡೀ ದೇಹದಲ್ಲಿರುವ ಕಬ್ಬಿಣ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಬಹುಪಾಲು ಕೆಂಪು ರಕ್ತಕಣಗಳಲ್ಲಿದೆ. ಒಂದು ಕಣದ ಆಯುಸ್ಸು ಸುಮಾರು 120 ದಿನ. ಹಳೆಯದನ್ನು ಒಡೆದು ಅದರ ಕಬ್ಬಿಣವನ್ನೇ ಹೊಸ ಕಣಕ್ಕೆ ಹಾಕುತ್ತದೆ ದೇಹ, ಹಳೇ ಮನೆಯ ತೊಲೆ ಬಾಗಿಲು ಬಿಚ್ಚಿ ಹೊಸ ಮನೆಗೆ ಕೂಡಿಸಿದ ಹಾಗೆ. ಹೀಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಒಳಗೊಳಗೇ ತಿರುಗುತ್ತಿರುತ್ತದೆ. ಹೊರಗಿನಿಂದ ಬರಬೇಕಾದದ್ದು ಬರೀ ಒಂದರಿಂದ ಒಂದೂವರೆ ಮಿಲಿಗ್ರಾಂ.

ಇಷ್ಟು ಸಣ್ಣ ಲೆಕ್ಕವನ್ನು ದೇಹ ಯಾಕೆ ಇಷ್ಟು ಬಿಗಿಯಾಗಿ ಹಿಡಿದಿದೆ? ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕಳಿಸುತ್ತದೆ, ನೀರು ಹೆಚ್ಚಾದರೂ ಅಷ್ಟೇ. ಕಬ್ಬಿಣ ಹೆಚ್ಚಾದರೆ ಬೇಕೆಂದು ಹೊರಹಾಕುವ ವ್ಯವಸ್ಥೆಯೇ ನಮಗಿಲ್ಲ. ಉದುರುವ ಚರ್ಮ, ಉದುರುವ ಕರುಳಿನ ಪೊರೆಯ ಜೊತೆ ತಾನಾಗಿ ಹೋದದ್ದಷ್ಟೇ. ಇಂಗ್ಲೆಂಡಿನ ಮ್ಯಾಕ್‌ಕ್ಯಾನ್ಸ್ ಮತ್ತು ಎಲ್ಸಿ ವಿಡೋಸನ್ ಎಂಬ ಇಬ್ಬರು 1937ರಲ್ಲೇ ಇದನ್ನು ಹೇಳಿದ್ದರು: ದೇಹದ ಕಬ್ಬಿಣದ ಮಟ್ಟ ನಿರ್ಧಾರವಾಗುವುದು ಒಳಗೆ ಬಿಡುವಾಗ, ಹೊರಗೆ ಹಾಕುವಾಗ ಅಲ್ಲ. ಒಳಗೆ ಬಂದದ್ದನ್ನು ಆಚೆ ತಳ್ಳಲಾಗದಿದ್ದರೆ ಬಾಗಿಲಲ್ಲೇ ಕಾಯಬೇಕಲ್ಲ.

ಬಾಗಿಲು ಕಾಯುವ ಕಥೆಯನ್ನು ದುರ್ಗದ ಮಕ್ಕಳಿಗೆ ಹೊಸದಾಗಿ ಹೇಳಬೇಕೇ? ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ನುಗ್ಗಲು ನೋಡಿದ್ದು ಒಬ್ಬರು ಮಾತ್ರ ತೆವಳುವಷ್ಟು ಕಿಂಡಿಯಲ್ಲಿ. ಗಂಡ ಊಟಕ್ಕೆ ಕೂತಿದ್ದ, ನೀರಿಗೆ ಹೋದ ಓಬವ್ವ ಒನಕೆ ಹಿಡಿದು ನಿಂತಳು. ಕಬ್ಬಿಣಕ್ಕೂ ಅಂಥ ಕಿಂಡಿ ಇದೆ, ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಅಲ್ಲಿನ ಒಂದೊಂದು ಜೀವಕೋಶಕ್ಕೂ ಎರಡು ಬಾಗಿಲು. ಊಟದ ಕಡೆಯ ಬಾಗಿಲಿನಿಂದ ಕಬ್ಬಿಣ ಕೋಶದೊಳಗೆ ಬರುತ್ತದೆ. ಅಲ್ಲಿಂದ ರಕ್ತಕ್ಕೆ ಇಳಿಯುವ ಹಿಂಬಾಗಿಲ ಹೆಸರು ಫೆರೋಪೋರ್ಟಿನ್. ಆ ಹಿಂಬಾಗಿಲ ಮೇಲೆ ಕಣ್ಣಿಟ್ಟಿರುವುದು ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನು, 25 ಅಮೈನೋ ಆಮ್ಲಗಳ ಒಂದು ಸರ. ದಾಸ್ತಾನು ಸಾಕಷ್ಟಿದ್ದರೆ ಯಕೃತ್ತು ಹೆಪ್ಸಿಡಿನ್ ಹೆಚ್ಚು ಸುರಿಸುತ್ತದೆ. ಅದು ಹೋಗಿ ಫೆರೋಪೋರ್ಟಿನ್‌ಗೆ ಅಂಟಿಕೊಂಡರೆ ಕೋಶ ಆ ಬಾಗಿಲನ್ನೇ ಒಳಗೆಳೆದುಕೊಂಡು ಒಡೆದುಹಾಕುತ್ತದೆ. ದಾಸ್ತಾನು ಇಳಿದರೆ ಹೆಪ್ಸಿಡಿನ್ ಕಡಿಮೆ, ಬಾಗಿಲು ಹೆಚ್ಚು. ಹೆಪ್ಸಿಡಿನ್ ಪತ್ತೆಯಾದದ್ದು 2000ದ ಆಸುಪಾಸಿನಲ್ಲಿ, ಅದು ಬಾಗಿಲು ಒಡೆಯುವ ಬಗೆ ಗೊತ್ತಾದದ್ದು 2004ರಲ್ಲಿ. ನಾನು ಡಿಗ್ರಿ ಓದುವಾಗ ಪುಸ್ತಕದಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಇದನ್ನು ಹೇಳಿ ಮುಗಿಸಿದಾಗ ಒಂಬತ್ತನೇ ತರಗತಿಯ ಒಬ್ಬಳು ಎದ್ದು ನಿಂತು ಕೇಳಿದ್ದು ನನಗಿನ್ನೂ ಕಿವಿಯಲ್ಲಿದೆ: "ಮೇಡಂ, ಓಬವ್ವ ಹೆಣಾನ ಪಕ್ಕಕ್ಕೆ ಎಳೆದು ಹಾಕ್ತಿದ್ಲು. ಇಲ್ಲಿ ಮುಂದಿನ ಬಾಗಿಲಿಂದ ಬಂದು ಹಿಂದಿನ ಬಾಗಿಲು ಸಿಗದ ಕಬ್ಬಿಣ ಎಲ್ಲಿಗೆ ಹೋಗುತ್ತೆ?" ಅದು ಆ ಕೋಶದಲ್ಲೇ ಫೆರಿಟಿನ್ ಎಂಬ ಪ್ರೋಟೀನಿನ ಡಬ್ಬಿಯೊಳಗೆ ಬಿದ್ದಿರುತ್ತದೆ. ಕರುಳಿನ ಕೋಶ ಬದುಕುವುದೇ ಮೂರರಿಂದ ಐದು ದಿನ. ಅಷ್ಟರಲ್ಲಿ ಹಿಂಬಾಗಿಲು ತೆರೆಯದಿದ್ದರೆ ಕೋಶ ಉದುರುತ್ತದೆ, ಜೊತೆಗೆ ಕಬ್ಬಿಣವೂ ಮಲದಲ್ಲಿ ಹೋಗುತ್ತದೆ. ಒಳ್ಳೆಯ ಪ್ರಶ್ನೆ ಕೇಳಿದವಳಿಗೆ ಚಪ್ಪಾಳೆ ಹೊಡೆಸಿದೆ. ನನ್ನ ಹೋಲಿಕೆ ಪೂರ್ತಿ ಸರಿಯಲ್ಲ ಎಂಬುದನ್ನೂ ಹೇಳಿದೆ. ಓಬವ್ವ ಹೊಡೆದದ್ದು ನುಗ್ಗುವವರನ್ನು. ಹೆಪ್ಸಿಡಿನ್ ಹೊಡೆಯುವುದು ಬಾಗಿಲನ್ನು.

ಈಗ ಹೆಣ್ಣುಮಕ್ಕಳ ಲೆಕ್ಕಕ್ಕೆ ಬರುತ್ತೇನೆ. ಒಂದು ಮಿಲಿಲೀಟರ್ ರಕ್ತದಲ್ಲಿ ಅರ್ಧ ಮಿಲಿಗ್ರಾಮಿನಷ್ಟು ಕಬ್ಬಿಣ ಇರುತ್ತದೆ. ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30ರಿಂದ 40 ಮಿಲಿಲೀಟರ್. ಅಂದರೆ ತಿಂಗಳಿಗೆ 15ರಿಂದ 20 ಮಿಲಿಗ್ರಾಂ ಕಬ್ಬಿಣ. ತಿಂಗಳ ಮೂವತ್ತು ದಿನಕ್ಕೆ ಹಂಚಿದರೆ ಗಂಡಸರಿಗಿಂತ ದಿನಕ್ಕೆ ಅರ್ಧ ಮಿಲಿಗ್ರಾಂ ಹೆಚ್ಚಿಗೆ ಬೇಕು. ಸ್ರಾವ ಹೆಚ್ಚಿರುವವರಿಗೆ ಇನ್ನೂ ಜಾಸ್ತಿ. ಗಂಡಸಿನ ದಾಸ್ತಾನಿನಲ್ಲಿ ಒಂದು ಗ್ರಾಮಿನಷ್ಟು ಕಬ್ಬಿಣ ಇದ್ದರೆ ನಮ್ಮದರಲ್ಲಿ ಅದರ ಮೂರನೇ ಒಂದು ಪಾಲು. ಆರೋಗ್ಯವಂತ ಹೆಂಗಸಿನ ದೇಹ ಇದನ್ನು ಹೇಗೆ ನಿಭಾಯಿಸುತ್ತದೆ ಎನ್ನುವುದು ನನಗೆ ಬೆರಗಿನ ಸಂಗತಿ. ಮುಟ್ಟಿನ ದಿನಗಳಲ್ಲಿ ಹೆಪ್ಸಿಡಿನ್ ಇಳಿಯುತ್ತದೆ, ಕಿಂಡಿ ಅಗಲವಾಗುತ್ತದೆ, ಸ್ರಾವ ನಿಂತ ಮೇಲೆ ಮತ್ತೆ ಏರುತ್ತದೆ. ಯಾರೂ ಹೇಳಿಕೊಡದೆ ಪ್ರತಿ ತಿಂಗಳೂ ಇದು ನಡೆಯುತ್ತಲೇ ಇದೆ. ಗರ್ಭಿಣಿಯರಲ್ಲಿ ಇನ್ನೂ ದೊಡ್ಡ ಬದಲಾವಣೆ. ಬ್ರಿಟನ್ನಿನಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಗರ್ಭಿಣಿಯರು ಊಟದ ಕಬ್ಬಿಣದಲ್ಲಿ 12ನೇ ವಾರ ಶೇ 7ರಷ್ಟು ಹೀರಿಕೊಂಡರೆ, 24ನೇ ವಾರ ಶೇ 36, 36ನೇ ವಾರ ಶೇ 66. ಊಟ ಅದೇ, ಹೆಂಗಸರೂ ಅವರೇ.

ಹೀಗಿರುವಾಗ ನಾವು ಮಾತ್ರೆ ಕೊಡುವವರು ಆ ಕಿಂಡಿಗೆ ಬಡಿದುಕೊಂಡರೆ ಏನು ಬಂತು? 2015ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ರಕ್ತಹೀನತೆ ಇಲ್ಲದ, ಆದರೆ ದಾಸ್ತಾನು ತೆಳುವಾಗಿದ್ದ ಯುವತಿಯರಿಗೆ ಬೇರೆ ಬೇರೆ ಪ್ರಮಾಣದ ಕಬ್ಬಿಣ ಕೊಟ್ಟು ಅಳೆದರು. 60 ಮಿಲಿಗ್ರಾಂ ಅಥವಾ ಹೆಚ್ಚು ನುಂಗಿದರೆ ಹೆಪ್ಸಿಡಿನ್ ಏರಿ ಸುಮಾರು ಒಂದು ದಿನ ಹಾಗೇ ಇರುತ್ತದೆ, ಮಾರನೆಯ ದಿನದ ಮಾತ್ರೆಗೆ ಅರ್ಧ ಮುಚ್ಚಿದ ಬಾಗಿಲು ಸಿಗುತ್ತದೆ. ಪ್ರಮಾಣವನ್ನು ಆರು ಪಟ್ಟು ಮಾಡಿದರೆ ಒಳಗೆ ಹೋದದ್ದು ಮೂರೇ ಪಟ್ಟು. ಅದೇ ತಂಡ 2017ರಲ್ಲಿ ದಿನಾ ಕೊಡುವುದನ್ನೂ ದಿನ ಬಿಟ್ಟು ದಿನ ಕೊಡುವುದನ್ನೂ ಹೋಲಿಸಿತು: ಹೀರಿಕೊಂಡದ್ದು ದಿನಾ ಕೊಟ್ಟಾಗ ಶೇ 16.3, ದಿನ ಬಿಟ್ಟು ಕೊಟ್ಟಾಗ ಶೇ 21.8. ನಮ್ಮ ಶಾಲೆಯ ಮಾತ್ರೆಯಲ್ಲೂ 60 ಮಿಲಿಗ್ರಾಂ ಕಬ್ಬಿಣವೇ ಇರುವುದು, ವಾರಕ್ಕೊಂದು. ವಾರದ ಅಂತರ ಕಿಂಡಿಯ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ, ಯೋಜನೆ ಮಾಡಿದವರನ್ನು ನಾನು ದೂರುವುದಿಲ್ಲ. ಕೆಡಿಸಿದ್ದು ನನ್ನಂಥವರು, ಬಾಕಿ ತೀರಿಸಲು ಎರಡೆರಡು ಕೊಟ್ಟವರು.

ನನ್ನದೇ ಒಂದು ಸಂಗತಿ. ಎರಡು ವರ್ಷದ ಹಿಂದೆ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದಾಗ ಮೂರನೇ ಬಾಗಿಲಿಗೇ ಏದುಸಿರು ಬಂತು. ಬಾಚಣಿಗೆ ತುಂಬ ಕೂದಲು. ರಾತ್ರಿ ಮಲಗಿದರೆ ಕಾಲು ಸುಮ್ಮನಿರುತ್ತಿರಲಿಲ್ಲ. ಒಂದು ಶಿಬಿರದಲ್ಲಿ ಬೆರಳು ಚುಚ್ಚಿ ಹಿಮೋಗ್ಲೋಬಿನ್ 12.3 ಎಂದು ಬರೆದರು. "ನಾರ್ಮಲ್ ಇದೀರ ಮೇಡಂ, ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ." ಹನ್ನೆರಡರ ಮೇಲಿದ್ದರೆ ರಕ್ತಹೀನತೆ ಅಲ್ಲ, ಅವರು ಹೇಳಿದ್ದು ಪುಸ್ತಕದ ಪ್ರಕಾರ ಸರಿ. ಆದರೆ ಹಿಮೋಗ್ಲೋಬಿನ್ ಎಂದರೆ ಪಾತ್ರೆಯಲ್ಲಿ ಬೇಯುತ್ತಿರುವ ಅನ್ನ. ಕಣಜದಲ್ಲಿ ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಕಣಜ ಖಾಲಿಯಾದ ಮೇಲೂ ಸ್ವಲ್ಪ ದಿನ ಅನ್ನ ಬೇಯುತ್ತದೆ. ಆರು ತಿಂಗಳು ಹಾಗೇ ತಳ್ಳಿ, ಕೊನೆಗೆ ಕೈಯಿಂದ ದುಡ್ಡು ಹಾಕಿ ಫೆರಿಟಿನ್ ಪರೀಕ್ಷೆ ಮಾಡಿಸಿದೆ. ಕಬ್ಬಿಣ ತುಂಬಿಡುವ ಆ ಡಬ್ಬಿಯ ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಎಂದು ನೋಡಿದರೆ ಕಣಜದ ಅಂದಾಜು ಸಿಗುತ್ತದೆ. 8 ಬಂತು. 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಬರಿದಾಗಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಮೊದಲು ನೋಡಿದ ವೈದ್ಯರು ದಿನಕ್ಕೆರಡು ಮಾತ್ರೆ ಬರೆದರು. ಹೊಟ್ಟೆ ತೊಳಸು, ಮಲಬದ್ಧತೆ. ಹನ್ನೆರಡನೇ ದಿನ ಡಬ್ಬಿ ಕಪಾಟು ಸೇರಿತು. ಎರಡನೆಯವರು ಹೇಳಿದ್ದು ದಿನ ಬಿಟ್ಟು ದಿನ ಒಂದು, ಬೆಳಗ್ಗೆ, ನಿಂಬೆ ಪಾನಕದ ಜೊತೆ, ಕಾಫಿ ದೂರ. ನಾಲ್ಕು ತಿಂಗಳಲ್ಲಿ 31 ಆಯಿತು. ದಿನದ ಲೆಕ್ಕಕ್ಕೆ ನಾನು ನುಂಗಿದ್ದು ಮೊದಲಿಗಿಂತ ಕಡಿಮೆ.

ಕಾಫಿ ಟೀ ವಿಷಯ ಬಂತಲ್ಲ, ನಮ್ಮ ಕಡೆ ದೊಡ್ಡ ಗಂಡಾಂತರ ಇದೇ ಅಂತ ನನಗನ್ನಿಸುತ್ತದೆ. ಅಮೆರಿಕದಲ್ಲಿ 1983ರಲ್ಲೇ ಅಳೆದು ನೋಡಿದ್ದಾರೆ: ಊಟದ ಜೊತೆ ಒಂದು ಕಪ್ ಕಾಫಿ ಕುಡಿದರೆ ಆ ಊಟದ ಕಬ್ಬಿಣ ಹೀರಿಕೆ ಶೇ 39 ಕಡಿಮೆ, ಟೀ ಕುಡಿದರೆ ಶೇ 64. ಊಟಕ್ಕೆ ಒಂದು ತಾಸು ಮೊದಲು ಕುಡಿದ ಕಾಫಿ ಏನೂ ಮಾಡಲಿಲ್ಲ. ಒಂದು ತಾಸು ಆದ ಮೇಲೆ ಕುಡಿದದ್ದು ಜೊತೆಯಲ್ಲಿ ಕುಡಿದಷ್ಟೇ ಕೆಡಿಸಿತು. ಈರುಳ್ಳಿ ಕೀಳಲು, ಶೇಂಗಾ ಬಿಡಿಸಲು ಹೋಗುವ ನಮ್ಮ ಹೆಣ್ಣುಮಕ್ಕಳು ರೊಟ್ಟಿ ತಿಂದ ಕೈ ತೊಳೆಯುವ ಮೊದಲೇ ಟೀ ಲೋಟ ಹಿಡಿಯುತ್ತಾರೆ, ಕಬ್ಬಿಣದ ಮಾತ್ರೆಯನ್ನೂ ಅದರಲ್ಲೇ ನುಂಗುತ್ತಾರೆ. ಟೀ ಬಿಡಿ ಎಂದು ನಾನು ಹೇಳಲಾರೆ, ಹೇಳಿದರೆ ನನ್ನನ್ನೇ ಬಿಡುತ್ತಾರೆ. ಹೊತ್ತು ಬದಲಿಸಿ ಎನ್ನಬಹುದು. ದಾವಣಗೆರೆ ಕಡೆ ಸಂಜೆ ನಾಲ್ಕಕ್ಕೆ ಮಂಡಕ್ಕಿ ಮೆಣಸಿನಕಾಯಿ ಜೊತೆ ಕುಡಿಯುತ್ತಾರಲ್ಲ, ಟೀಗೆ ಅದು ಪ್ರಶಸ್ತವಾದ ಸಮಯ.

ನಮ್ಮ ಊಟದಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಎಂದಲ್ಲ. ಹುರುಳಿಕಾಳು, ನುಗ್ಗೆಸೊಪ್ಪು, ರಾಗಿ ಎಲ್ಲದರಲ್ಲೂ ಇದೆ. ಆದರೆ ಕಾಳುಕಡ್ಡಿಯ ಕಬ್ಬಿಣವನ್ನು ಫೈಟೇಟ್ ಎಂಬುದು ಕಟ್ಟಿ ಹಿಡಿದಿರುತ್ತದೆ. ಮೊಳಕೆ ಬರಿಸಿದರೆ, ಹಿಟ್ಟು ಹುಳಿ ಬಂದರೆ ಆ ಕಟ್ಟು ಸಡಿಲವಾಗುತ್ತದೆ. ಹುಳಿ ಹಣ್ಣಿನ ವಿಟಮಿನ್ ಸಿ ಕಬ್ಬಿಣವನ್ನು ಕರುಳಿಗೆ ಒಪ್ಪುವ ರೂಪಕ್ಕೆ ತರುತ್ತದೆ. ನಿಂಬೆಯನ್ನು ಕುದಿಯುವ ಸಾರಿಗೆ ಹಿಂಡದೆ ತಟ್ಟೆಗೆ ಹಿಂಡಿಕೊಂಡರೆ ಸರಿ, ಕುದಿಸಿದರೆ ಆ ವಿಟಮಿನ್ ಹಾಳು. ಇನ್ನು ಬೀಟ್‌ರೂಟು ಕೆಂಪಗಿದೆ ಎಂದು ರಕ್ತ ಆಗುವುದಿಲ್ಲ. ಕೆಂಪು ಎಂದರೆ ಕಬ್ಬಿಣ ಎನ್ನುವುದಾದರೆ ನಮ್ಮ ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಮಣ್ಣನ್ನೇ ತಿನ್ನಬಹುದಿತ್ತು. ಕೆಲವರು ತಿನ್ನುತ್ತಾರೆ ಕೂಡ. ಹುಡುಗಿ ಬಳಪ, ಮಣ್ಣು ತಿನ್ನುತ್ತಾಳೆ ಎಂದು ತಾಯಂದಿರು ಬೈಯಲು ನನ್ನ ಹತ್ತಿರ ಕರೆತರುತ್ತಾರೆ. ಬೈಯುವ ವಿಷಯ ಅಲ್ಲ ಅದು, ಕಬ್ಬಿಣ ಕಡಿಮೆಯಾದವರಲ್ಲಿ ಕಾಣುವ ಲಕ್ಷಣ. ಮಣ್ಣಿನಲ್ಲಿರುವುದು ತುಕ್ಕಿನ ಜಾತಿಯ ಕಬ್ಬಿಣ, ದೇಹಕ್ಕೆ ದಕ್ಕುವುದಿಲ್ಲ.

ನಮ್ಮ ಶಾಲೆಯ ಗೇಟಿನ ಹೊರಗೆ ಒಬ್ಬ ಅಜ್ಜಿ ಬೆಟ್ಟದ ನೆಲ್ಲಿಕಾಯಿಯನ್ನು ಉಪ್ಪು ಖಾರ ಹಚ್ಚಿ ಮಾರುತ್ತಿದ್ದರು. ಗೇಟಿನ ಮುಂದೆ ಧೂಳು, ನೊಣ ಎಂದು ಅವರನ್ನು ಎಬ್ಬಿಸಿ ಕಳಿಸಿದವಳು ನಾನೇ. ಈಗ ಸೋಮವಾರ ಮಧ್ಯಾಹ್ನ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ಕಾಯಿ ತೊಳೆಯಲು ಬಕೆಟ್ ನೀರು ನಮ್ಮದು. ಬಿಸಿಯೂಟ, ಮಾತ್ರೆ, ಅರ್ಧ ನೆಲ್ಲಿಕಾಯಿ. ವಾಂತಿ ನಿಂತಿದೆ, ಅದು ನೆಲ್ಲಿಕಾಯಿಂದಲೋ ಹೊಟ್ಟೆ ತುಂಬಿದ್ದರಿಂದಲೋ ನಾನು ವಾದ ಮಾಡುವುದಿಲ್ಲ.

ಜ್ವರದ ವಿಷಯವೂ ಇಲ್ಲೇ ಹೇಳಬೇಕು. ದೇಹದಲ್ಲಿ ಸೋಂಕು, ಉರಿಯೂತ ಇದ್ದಾಗ ಯಕೃತ್ತು ಹೆಪ್ಸಿಡಿನ್ ಏರಿಸಿ ಕಿಂಡಿ ಮುಚ್ಚುತ್ತದೆ, ರೋಗಾಣುಗಳಿಗೂ ಕಬ್ಬಿಣ ಬೇಕಲ್ಲ, ಅವಕ್ಕೆ ಸಿಗದಿರಲಿ ಎಂದು. ಜ್ವರದಿಂದ ಎದ್ದು ಬಂದ ಹುಡುಗಿಗೆ ಆ ವಾರವೇ ಮಾತ್ರೆ ಕೊಟ್ಟರೆ ಪ್ರಯೋಜನ ಕಡಿಮೆ. ಆ ಹೊತ್ತಿನಲ್ಲಿ ಫೆರಿಟಿನ್ ಅಳೆದರೂ ಸುಳ್ಳು ಹೆಚ್ಚಳ ತೋರಿಸುತ್ತದೆ.

ಯಾರೂ ತಪ್ಪು ತಿಳಿಯಬಾರದು ಎಂದು ಒಂದು ಮಾತು ಬಿಡಿಸಿ ಹೇಳುತ್ತೇನೆ. ಗರ್ಭಿಣಿಯರಿಗೆ ಕೊಡುವ ದಿನದ ಕೆಂಪು ಮಾತ್ರೆಯನ್ನು ಈ ಪತ್ರ ಓದಿ ಯಾರೂ ನಿಲ್ಲಿಸಬಾರದು, ದಿನ ಬಿಡಲೂಬಾರದು. ಒಂದು ಬಸಿರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಕಿಂಡಿ ಎಷ್ಟೇ ಅಗಲವಾದರೂ ಊಟವೊಂದರಿಂದ ನಮ್ಮಲ್ಲಿ ಹೆಚ್ಚಿನವರಿಗೆ ಅದು ತುಂಬುವುದಿಲ್ಲ. ರಕ್ತಹೀನತೆಗೆ ಚಿಕಿತ್ಸೆ ಪಡೆಯುತ್ತಿರುವವರೂ ತಮ್ಮ ವೈದ್ಯರು ಹೇಳಿದಂತೆ ನಡೆಯಬೇಕು.

ಇಷ್ಟೆಲ್ಲ ಬರೆದದ್ದು ಯಾಕೆಂದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಜನರಿಗೆ ರಕ್ತಹೀನತೆ ಎಂದು ಬಂತು. ಆ ಅಂಕಿ ಹಿಡಿದುಕೊಂಡು ಸಭೆಗಳಲ್ಲಿ ಮಾತಾಡುವವರು ಬೈಯುವುದು ಹೆಂಗಸರನ್ನೇ. "ಇವರು ಮಾತ್ರೆ ನುಂಗಲ್ಲ, ತಿಪ್ಪೆಗೆ ಎಸೀತಾರೆ." ಎಸೆಯುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನುಂಗಿಯೂ ಏರದವರ ಸಂಖ್ಯೆಯನ್ನು ಯಾರು ಬರೆದಿಟ್ಟಿದ್ದಾರೆ? "ಮೂರು ತಿಂಗಳು ನುಂಗಿದೀನಿ ಮೇಡಂ, ದೇವ್ರಾಣೆ" ಎಂದು ನನ್ನ ಮುಂದೆ ಅತ್ತ ತಾಯಿಯೊಬ್ಬರನ್ನು ನಾನೂ ನಂಬಿರಲಿಲ್ಲ. ಅವರು ದಿನಾ ನುಂಗುತ್ತಿದ್ದದ್ದು ಬೆಳಗಿನ ಟೀಯಲ್ಲಿ.

ಆದ್ದರಿಂದ ತಮ್ಮಲ್ಲಿ ಕೇಳುವುದು ದೊಡ್ಡದೇನಲ್ಲ. ಮಾತ್ರೆಯ ಪೆಟ್ಟಿಗೆ ಹಳ್ಳಿಗೆ ಬರುವಾಗ ಜೊತೆಗೆ ಅರ್ಧ ಪುಟದ ಕನ್ನಡ ಬರಹ ಬರಲಿ, ಅದರಲ್ಲಿ ಹೀಗೆ ಮಾಡಿ ಎನ್ನುವುದರ ಜೊತೆ ಯಾಕೆ ಎನ್ನುವುದೂ ಇರಲಿ. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ನಮಗೆ ಶಿಕ್ಷಕಿಯರಿಗೆ ಒಂದೇ ಮಾತು ತಲುಪಲಿ. ರಿಜಿಸ್ಟರಿನಲ್ಲಿ "ಯಾವುದರ ಜೊತೆ ನುಂಗಿದರು" ಎಂಬ ಒಂದು ಕಾಲಮ್ಮು ಕೂಡಿಸಿ. ತಪ್ಪಿದ ಮಾತ್ರೆಯನ್ನು ಒಟ್ಟುಗೂಡಿಸಿ ಕೊಡಬೇಡಿ ಎಂದು ಬರೆಸಿ, ಶೇ 100 ಸಾಧನೆ ತೋರಿಸುವ ಆಸೆಯಿಂದ ನಮ್ಮನ್ನು ಬಿಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಸುಸ್ತು ಎನ್ನುವವರಿಗೆ, ಮಾತ್ರೆ ನುಂಗಿಯೂ ಏರದವರಿಗೆ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಾದರೂ ಫೆರಿಟಿನ್ ಪರೀಕ್ಷೆ ಸಿಗುವ ದಾರಿ ಮಾಡಿಕೊಡಿ. ನನಗೆ ಸಂಬಳ ಬರುತ್ತದೆ, ಕೈಯಿಂದ ದುಡ್ಡು ಹಾಕಿ ಮಾಡಿಸಿದೆ. ಮೊಳಕಾಲ್ಮೂರಿನಲ್ಲಿ ಶೇಂಗಾ ಬಿಡಿಸುವ ಹೆಣ್ಣುಮಗಳಿಗೆ ಅದು ಎರಡು ದಿನದ ಕೂಲಿ.

ಅರ್ಧ ಪುಟವನ್ನು ನಾನೇ ಬರೆದು ಇದರ ಜೊತೆ ಲಗತ್ತಿಸಿದ್ದೇನೆ. ತಮ್ಮ ವೈದ್ಯರು ನೋಡಲಿ. ತಪ್ಪಿದ್ದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದರೆ ಮುಂದಿನ ಸೋಮವಾರದೊಳಗೆ ಮತ್ತೆ ಬರೆದು ಕಳಿಸುತ್ತೇನೆ.

ಇತಿ,
ಒಬ್ಬ ವಿಜ್ಞಾನ ಶಿಕ್ಷಕಿ,
ಚಿತ್ರದುರ್ಗ ತಾಲ್ಲೂಕು